ಘಟ್ಟಕ್ಕೆ ಹೋದವರು

ಹೆಬ್ರಿಯ ನಮ್ಮ ಮನೆಯ ಜಗಲಿಯ ಮೂಡು ಮೂಲೆಯಲ್ಲಿ, ಕೊಡೆ ನೇತುಹಾಕುವ ಮೊಳೆಯ ಪಕ್ಕ ನಿಂತರೆ ಫೋನಿಗೆ ಎರಡು ಕಡ್ಡಿ ಸಿಗ್ನಲ್ ಸಿಗುತ್ತದೆ. ಕೂತರೆ ಒಂದು. ಒಳಗೆ ಬಂದರೆ ಅದೂ ಇಲ್ಲ. ಹಾಗಾಗಿ ಗಲ್ಫಿನ ನಮ್ಮ ಸಂಘದ ಸುದ್ದಿಪತ್ರದ ಈ ಸಂಪಾದಕೀಯವನ್ನು ನಿಂತುಕೊಂಡೇ ಕಳಿಸಬೇಕು. ಕಾರ್ಯದರ್ಶಿಗಳು ನಿನ್ನೆಯಿಂದ ನಾಲ್ಕು ಸಲ ಕೇಳಿದ್ದಾರೆ. ಮೊದಲ ಮೂರು ಸಲ "ಸಾರ್" ಇತ್ತು. ನಾಲ್ಕನೆಯದರಲ್ಲಿ ಬರೀ ಪ್ರಶ್ನೆಚಿಹ್ನೆ.

ಇಲ್ಲಿ ಮಳೆ. ಅದನ್ನು ವರ್ಣಿಸಿ ನಿಮ್ಮ ಹೊಟ್ಟೆ ಉರಿಸುವುದಿಲ್ಲ, ಅಲ್ಲಿ ಈಗ ಸ್ಟಿಯರಿಂಗ್ ಮುಟ್ಟಿದರೆ ಕೈ ಸುಡುತ್ತದೆ ಅಂತ ಗೊತ್ತು. ಕೃಷ್ಣಾಷ್ಟಮಿಯ ಮರುದಿನದ ವಿಟ್ಲಪಿಂಡಿಗೆ ಉಡುಪಿಗೆ ಹೋಗಿದ್ದೆವು. ರಥಬೀದಿಯಲ್ಲಿ ಗುರ್ಜಿಗೆ ಕಟ್ಟಿದ ಕುಡಿಕೆ ಒಡೆಯುವಾಗ ಮಗಳ ಹೊಸ ಚೂಡಿದಾರಕ್ಕೆ ಬಣ್ಣದ ನೀರು ಬಿತ್ತು. ಹುಲಿವೇಷದವರ ತಾಸೆಗೆ ಅವಳಪ್ಪನೂ ಎರಡು ಹೆಜ್ಜೆ ಹಾಕಿದ. ವಿಡಿಯೋ ಗ್ರೂಪಿನಲ್ಲಿ ಉಂಟು, ನಗುವವರೆಲ್ಲ ನಕ್ಕಾಗಿದೆ. ಹಬ್ಬದ ವಿಷಯ ಇಷ್ಟು ಸಾಕು. ನನಗೆ ಹೇಳಬೇಕಾಗಿರುವುದು ಒಂದು ಪುಸ್ತಕದ ಬಗ್ಗೆ, ಅದೂ ಇನ್ನೂ ಅರ್ಧ ಮಾತ್ರ ಓದಿದ ಪುಸ್ತಕದ ಬಗ್ಗೆ.

ಜೂನಿನಲ್ಲಿ ಮೇಷ್ಟ್ರು ಫೈನಲ್ ಎಕ್ಸಿಟ್ ಹೊಡೆಸಿಕೊಂಡು, ಅಂದರೆ ಗಲ್ಫ್ ಬಿಟ್ಟು ಖಾಯಂ ಊರಿಗೆ, ಹೊರಟದ್ದು ನಿಮಗೆಲ್ಲ ಗೊತ್ತು. ಮೂವತ್ತೊಂದು ವರ್ಷ ಕಂಪನಿಯ ಲೆಕ್ಕ ಬರೆದ ಮನುಷ್ಯನಿಗೆ ನಾವು ಮೇಷ್ಟ್ರು ಎಂದು ಹೆಸರಿಟ್ಟದ್ದು ಶುಕ್ರವಾರದ ಕನ್ನಡ ತರಗತಿಯಿಂದಾಗಿ. ನಮ್ಮ ಅರ್ಧ ಮಕ್ಕಳಿಗೆ ‘ಳ’ ಬರೆಯಲು ಬರುವುದು ಅವರಿಂದ. ಕೊನೆಯ ವಾರ ಅವರ ಫ್ಲ್ಯಾಟಿಗೆ ಹೋದರೆ ಫ್ರಿಜ್ ಮಾರಿಯಾಗಿತ್ತು, ಸೋಫಾ ಯಾರೋ ಎತ್ತಿಕೊಂಡು ಹೋಗಿದ್ದರು, ಗೋಡೆಯಲ್ಲಿ ಗಡಿಯಾರ ಇದ್ದ ಜಾಗ ಮಾತ್ರ ಬೆಳ್ಳಗೆ ಕಾಣುತ್ತಿತ್ತು. ನಡುವೆ ನಾಲ್ಕು ರಟ್ಟಿನ ಪೆಟ್ಟಿಗೆ ಪುಸ್ತಕ, ಸಂಘಕ್ಕೆ ಅಂತ. ನಾನು ಹಗ್ಗ ಬಿಗಿಯುತ್ತಿದ್ದೆ. ಅವರು ನಾಲ್ಕನೆಯ ಪೆಟ್ಟಿಗೆಯ ಹಗ್ಗ ಬಿಚ್ಚಿಸಿ ಒಂದು ದಪ್ಪ ಪುಸ್ತಕ ತೆಗೆದು ನನ್ನ ಕೈಗಿಟ್ಟರು. "ನೀನು ಸಂಪಾದಕ. ಕೊಲೆ ಪುಸ್ತಕ ಓದಿದ್ದು ಸಾಕು." ಮೇಷ್ಟ್ರು ತೀರ್ಥಹಳ್ಳಿ ಕಡೆಯವರು. ಹಾಗಾಗಿ ಅದು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಎಂದು ಬೇರೆ ಹೇಳಬೇಕಾಗಿಲ್ಲ.

ಈಗ ತಪ್ಪೊಪ್ಪಿಗೆ. ಆರು ವರ್ಷದಿಂದ ರಾಜ್ಯೋತ್ಸವದ ಸಂಚಿಕೆಯ ಮುಖಪುಟದಲ್ಲಿ ಕುವೆಂಪು ಚಿತ್ರ ಹಾಕುತ್ತಾ ಬಂದವ ನಾನು. ಅವರದ್ದೊಂದು ಕಾದಂಬರಿ ಓದಿರಲಿಲ್ಲ. ಪಠ್ಯದಲ್ಲಿ ಬಂದ ಪದ್ಯ ಗೊತ್ತು, ನಾಡಗೀತೆ ಗೊತ್ತು, ಅಷ್ಟೆ. ನನ್ನ ಓದು ಬೇರೆ. ಮಂಗಳೂರಿಗೆ ವಿಮಾನ ಹತ್ತಿ ಬೆಲ್ಟ್ ಕಟ್ಟಿಕೊಂಡಾಗ ಹೆಣ ಸಿಗಬೇಕು, ಬಜ್ಪೆಯಲ್ಲಿ ಚಕ್ರ ನೆಲ ಮುಟ್ಟುವಾಗ ಕೊಲೆಗಾರ ಸಿಗಬೇಕು. ಪುಸ್ತಕವನ್ನು ಸೀಟಿನ ಜೇಬಿನಲ್ಲೇ ಬಿಟ್ಟು ಇಳಿದರೂ ಬೇಸರ ಆಗಬಾರದು.

ಈ ಸಲ ಬೇರೆ ದಾರಿ ಇರಲಿಲ್ಲ. ಚೆಕ್‌ಇನ್‌ನಲ್ಲಿ ಪೆಟ್ಟಿಗೆ ತೂಕ ಜಾಸ್ತಿ ಬಂತು. ಹಾಲಿನ ಪುಡಿ, ಸೋಪು, ಮಾವನಿಗೆ ನೋವಿನ ಮುಲಾಮು, ಯಾವುದನ್ನೂ ಬಿಡಲು ಮನೆಯವಳು ಒಪ್ಪಲಿಲ್ಲ. ಹೊರಗೆ ಬಿದ್ದದ್ದು ಈ ಪುಸ್ತಕ. ಬಗಲಲ್ಲಿ ಇಟ್ಟುಕೊಂಡು ವಿಮಾನ ಹತ್ತಿದೆ, ಓದಲು ಬೇರೇನೂ ಇರಲಿಲ್ಲ.

ಬಾಗಿಲಲ್ಲೇ ತಡೆದರು. ಕಥೆ ಸುರುವಾಗುವ ಮೊದಲೇ ಲೇಖಕರು ಹೇಳಿಬಿಡುತ್ತಾರೆ, ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಎಂದು. ಪತ್ತೇದಾರಿ ಓದುವವನಿಗೆ ಇದಕ್ಕಿಂತ ದೊಡ್ಡ ಶಾಪ ಉಂಟೇ? ಯಾರ ಮೇಲೆ ಕಣ್ಣಿಡುವುದು ಮತ್ತೆ? ನಾನು ಬೋರ್ಡಿಂಗ್ ಪಾಸಿನ ಹಿಂದೆ ಹೆಸರು ಬರೆಯುತ್ತಾ ಹೋದೆ. ನಾಯಿಗುತ್ತಿ. ಅವನ ನಾಯಿ ಹುಲಿಯ. ತಿಮ್ಮಿ. ಸಿಂಬಾವಿ ಹೆಗ್ಗಡೆಯವರು. ಕೋಣೂರು, ಹೂವಳ್ಳಿ, ಬೆಟ್ಟಳ್ಳಿ, ಹಳೆಮನೆ, ಯಾವುದು ಮನೆ, ಯಾವುದು ಊರು? ಮಸ್ಕತ್ತಿನ ಮೇಲೆ ಹಾರುವಾಗ ಪಾಸಿನಲ್ಲಿ ಜಾಗ ಮುಗಿಯಿತು, ಗುತ್ತಿ ಇನ್ನೂ ನಡೆಯುತ್ತಲೇ ಇದ್ದ. ಒಡೆಯರ ಕೆಲಸ ಎಂಬುದು ನೆಪ, ಮನಸ್ಸು ಪೂರಾ ತಿಮ್ಮಿಯನ್ನು ಹಾರಿಸಿಕೊಂಡು ಹೋಗುವುದರಲ್ಲಿ. ಸರಿ, ಹಾರಿಸಿಕೊಂಡು ಹೋಗಲಿ. ಹೋಗುವುದಿಲ್ಲ ಮಾರಾಯ್ರೆ. ದಾರಿಯಲ್ಲಿ ಯಾರೋ ಸಿಗುತ್ತಾರೆ, ಅವರ ಮನೆ ಕಥೆ, ಅವರಜ್ಜನ ಕಥೆ, ಆಮೇಲೆ ಒಂದು ಮರ. ಮರಕ್ಕೂ ಕಥೆ. ಬಜ್ಪೆಯಲ್ಲಿ ಇಳಿಯುವಾಗ ಕೊಲೆಗಾರ ಬಿಡಿ, ಮದುಮಗಳು ಯಾರೆಂದೇ ಗೊತ್ತಾಗಿರಲಿಲ್ಲ.

"ಇಲ್ಲಿ ಅವಸರವೂ ಸಾವಧಾನದ ಬೆನ್ನೇರಿದೆ" ಎಂಬ ಮಾತೂ ಅದೇ ಮೊದಲ ಪುಟದಲ್ಲಿದೆ. ನಾನದನ್ನು ಅಲಂಕಾರ ಎಂದುಕೊಂಡು ದಾಟಿದ್ದೆ. ಅಲಂಕಾರ ಅಲ್ಲ ಅದು, ರಸ್ತೆ ಬದಿ ಹಾಕುವ ಎಚ್ಚರಿಕೆಯ ಬೋರ್ಡು.

ಊರಿಗೆ ಬಂದ ಮೇಲೂ ಒಂದು ವಾರ ಪುಸ್ತಕ ಅಕ್ಕಿಮುಡಿಯ ಮೇಲೆ ಬಿದ್ದಿತ್ತು. ಬಿಟ್ಟುಬಿಡುವ ಮನಸ್ಸೇ. ನಿಧಾನವಷ್ಟೇ ಕಾರಣ ಅಲ್ಲ. ಜಾತಿಯ ಹೆಸರುಗಳು ಅದರಲ್ಲಿ ಬಯ್ಗುಳದ ಹಾಗೆ, ಉಸಿರಾಡಿದಷ್ಟು ಸಲೀಸಾಗಿ ಬರುತ್ತವೆ. ಕಥೆ 19ನೆಯ ಶತಮಾನದ ಕೊನೆಯದ್ದು, ಆಗಿನ ಜನ ಹಾಗೇ ಮಾತಾಡುತ್ತಿದ್ದರು, ಸರಿಯೇ. ಆದರೂ ಹನ್ನೊಂದು ವರ್ಷದ ಮಗಳು ಹೆಗಲ ಮೇಲಿಂದ ಬಗ್ಗಿ "ಇದರ ಅರ್ಥ ಏನಪ್ಪ" ಎಂದು ಬೆರಳಿಟ್ಟಾಗ ಪುಟ ಮಗುಚಿದೆ. ಆ ಪುಟ ಮಗುಚಿದ್ದಕ್ಕೆ ಆಮೇಲೆ ನಾಚಿಕೆಯೂ ಆಯಿತು.

ತಿರುಗಿ ಎತ್ತಿಕೊಂಡದ್ದು ಅಮ್ಮನಿಂದ. ಕರೆಂಟು ಹೋಗಿತ್ತು, ಟಿವಿ ಇಲ್ಲ. "ಎಂತ ಅದು ಅಷ್ಟು ದಪ್ಪದ್ದು, ಓದು ನೋಡುವ" ಎಂದರು. ಅಮ್ಮನ ಓದು ವಾರಕ್ಕೊಂದು ‘ತರಂಗ’, ಮೊದಲ ಪುಟದಿಂದ ಕೊನೆಯ ಜಾಹೀರಾತಿನವರೆಗೆ. ನಾನು ಬುಕ್‌ಮಾರ್ಕ್ ಇದ್ದಲ್ಲಿಂದ ಓದಿದೆ. ಐತ, ಪಿಂಚಲು ಬರುವ ಭಾಗ. ಎರಡು ವಾಕ್ಯ ಆಗಿರಬೇಕು, ಅಮ್ಮ ಹಪ್ಪಳದ ಡಬ್ಬಿ ಮುಚ್ಚಳ ಹಾಕುವುದು ಬಿಟ್ಟು ತಲೆ ಎತ್ತಿದರು.

"ಐತನಾ? ಅವ ನಮ್ಮವ!"

ನನಗೆ ಹೊಳೆದೇ ಇರಲಿಲ್ಲ. ಐತವಾರ ಹುಟ್ಟಿದವ ಐತ, ಮಂಗಳವಾರದವ ಅಂಗಾರ, ಶುಕ್ರವಾರದವ ತುಕ್ರ, ಶನಿವಾರದವ ತನಿಯ. ತುಳುನಾಡಿನ ಬಡವರು ಮಕ್ಕಳಿಗೆ ಹೆಸರಿಡಲು ಪಂಚಾಂಗ ನೋಡಲಿಲ್ಲ, ವಾರ ನೋಡಿದರೆ ಸಾಕಿತ್ತು. ಅಮ್ಮ ಬೆರಳು ಮಡಚುತ್ತಾ ಹೋದರು. ಪಿಂಚಲು ನಮ್ಮವಳು. ಪಿಜಿಣ ನಮ್ಮವ. ಅಕ್ಕಣಿ, ದೇಯಿ ನಮ್ಮವರು. ಆ ಚೀಂಕ್ರ ಸೇರೆಗಾರ, "ಅಯ್ಯೋ, ಅವನೂ ನಮ್ಮವನೇ." ಎಲ್ಲರೂ ಘಟ್ಟದ ಕೆಳಗಿನಿಂದ ದುಡಿಯಲು ಹತ್ತಿದವರು. ಅಲ್ಲಿ ಅವರಿಗೆ ‘ಕನ್ನಡ ಜಿಲ್ಲೆಯವರು’ ಅಂತ ಹೆಸರು. ಮನೆಯಲ್ಲಿ ತುಳು ಬಿಟ್ಟು ಬೇರೆ ಆಡದವರಿಗೆ ಎಂಥ ಹೆಸರು ನೋಡಿ. ನಮ್ಮಲ್ಲಿ ಶೇರಿಗಾರರು ಅಂದರೆ ದೇವಸ್ಥಾನದಲ್ಲಿ ವಾದ್ಯ ಊದುವವರು. ಈ ಪುಸ್ತಕದ ಸೇರೆಗಾರ ಬೇರೆ, ಆಳುಗಳನ್ನು ಸೇರಿಸಿ ಘಟ್ಟ ಹತ್ತಿಸುವ ಮೇಸ್ತ್ರಿ. ಮೇಗರವಳ್ಳಿಯಲ್ಲಿ ದಾರಿಹೋಕರಿಗೆ ಅನ್ನ ಹಾಕುವ ಅಂತಕ್ಕ ಸೆಟ್ತಿಯೂ ಇದ್ದಾಳೆ. ಆಗುಂಬೆ ದಾಟಿ ತೀರ್ಥಹಳ್ಳಿಗೆ ಹೋಗುವ ಬಸ್ಸಿನಲ್ಲಿ ಕೂತು ಮೇಗರವಳ್ಳಿಯ ಬೋರ್ಡನ್ನು ಎಷ್ಟು ಸಲ ನೋಡಿದ್ದೇನೋ. ಅಲ್ಲಿ ಇಳಿಯಬೇಕೆಂದು ಒಮ್ಮೆಯೂ ಅನಿಸಿರಲಿಲ್ಲ.

ಆ ರಾತ್ರಿ ಅಮ್ಮ ತಮ್ಮ ಅಪ್ಪನ ವಿಷಯ ತೆಗೆದರು. ಅಜ್ಜನನ್ನು ನಾನು ನೋಡಿದ್ದೇನೆ, ಆದರೆ ನಾನು ನೋಡುವಾಗ ಅವರು ಮುದುಕ, ಗದ್ದೆಯ ಅಂಚಿನಲ್ಲಿ ಕೂತು ಉಳುವವರಿಗೆ ಬಯ್ಯುವ ಮುದುಕ. ಪ್ರಾಯದಲ್ಲಿ ಮಳೆಗಾಲದ ಏಣೆಲು ಬೆಳೆಯ ಕೊಯ್ಲು ಮುಗಿದ ಕೂಡಲೇ ಘಟ್ಟಕ್ಕೆ ಹೋಗುತ್ತಿದ್ದರಂತೆ, ಅಡಿಕೆ ಕೊಯ್ಲಿಗೆ. ತಿರುಗಿ ಬರುವುದು ಎಪ್ರಿಲಿನ ಬಿಸು ಹಬ್ಬದ ಹೊತ್ತಿಗೆ. ಯಾರಾದರೂ ಮನೆಗೆ ಬಂದು ಯಜಮಾನರೆಲ್ಲಿ ಎಂದರೆ ಅಜ್ಜಿಯ ಉತ್ತರ ಎರಡೇ ಶಬ್ದ: "ಗಟ್ಟೊಗು ಪೋತೆರ್." ಯಾವ ಊರು, ಯಾರ ಮನೆ, ಏನೂ ಇಲ್ಲ. ಘಟ್ಟಕ್ಕೆ ಹೋಗಿದ್ದಾರೆ. ನನ್ನ ಬಗ್ಗೆ ಕೇಳಿದವರಿಗೆ ಅಮ್ಮ ಈಗಲೂ "ಗಲ್ಫಿನಲ್ಲಿದ್ದಾನೆ" ಎನ್ನುತ್ತಾರಲ್ಲ, ಹಾಗೆ.

ಹೋಗುವುದು ನಡೆದು. ಹೆಬ್ರಿಯಿಂದ ಸೋಮೇಶ್ವರ, ಅಲ್ಲಿ ರಾತ್ರಿ. ಬೆಳಕು ಹರಿದ ಮೇಲೆ ಹತ್ತು ಹನ್ನೆರಡು ಜನ ಒಟ್ಟಿಗೆ ಆಗುಂಬೆ ಹತ್ತುವುದು, ಹುಲಿಯ ಹೆದರಿಕೆಗೆ. ಗಂಟಿನಲ್ಲಿ ಕುಚ್ಚಲಕ್ಕಿ, ಒಣಮೀನು. ಘಟ್ಟದಲ್ಲಿ ಅನ್ನ ಉಂಟು, ಮೀನಿಲ್ಲ. ಕಾದಂಬರಿಯಲ್ಲಿ ಕರಿಮೀನು ಸಾಬಿ ಎಂಬವ ಬಂದಾಗ ಅಮ್ಮ ಗಂಭೀರವಾಗಿ ತಲೆ ಆಡಿಸಿದ್ದು ಅದಕ್ಕೇ. ಬರುವಾಗ ಅಜ್ಜ ತಂದದ್ದು ಒಂದು ಕಂಬಳಿ, ಚೂರು ದುಡ್ಡು, ಮತ್ತೆ ಜ್ವರ. ದಿನ ಬಿಟ್ಟು ದಿನ ಬರುವ ಚಳಿಜ್ವರ. ಮನೆಯಲ್ಲಿದ್ದ ಗೋಣಿ, ಹಾಸಿಗೆ, ಘಟ್ಟದ ಅದೇ ಕಂಬಳಿ ಎಲ್ಲ ಹೊದೆಸಿದರೂ ನಡುಕ ನಿಲ್ಲುತ್ತಿರಲಿಲ್ಲವಂತೆ. ಆಗ ಅಮ್ಮನನ್ನೂ ಅವರ ತಂಗಿಯನ್ನೂ ಅಜ್ಜಿ ಆ ರಾಶಿಯ ಮೇಲೆ ಕೂರಿಸುತ್ತಿದ್ದರು, ಭಾರಕ್ಕೆ. "ಅಡಿಯಲ್ಲಿ ಅಪ್ಪ ಕುಣಿಯುತ್ತಿದ್ದರು, ಮೇಲೆ ನಾವಿಬ್ಬರು ದೋಣಿಯಲ್ಲಿ ಕೂತ ಹಾಗೆ ನಗುತ್ತಿದ್ದೆವು" ಎಂದು ಅಮ್ಮ ಹೇಳಿದಾಗ ನಾನು ಏನು ಹೇಳುವುದೆಂದು ತಿಳಿಯದೆ ಟಾರ್ಚಿನ ಬೆಳಕನ್ನು ಪುಸ್ತಕದ ಮೇಲೆ ಬಿಟ್ಟೆ.

ಒಂದು ಸಲ ಅಜ್ಜ ಘಟ್ಟದಿಂದ ಜೋಡಿ ಎತ್ತು ಹೊಡೆದುಕೊಂಡು ಬಂದಿದ್ದರು. ನನ್ನ ಕಾಲಕ್ಕೆ ಇದ್ದದ್ದೂ ಘಟ್ಟದ ಎತ್ತುಗಳೇ ಇರಬಹುದು. ಅಜ್ಜ ಮನೆಯಲ್ಲಿ ಎಲ್ಲರ ಜೊತೆ ತುಳು, ಎತ್ತಿನ ಜೊತೆ ಮಾತ್ರ ಕನ್ನಡ. ಘಟ್ಟದ ಎತ್ತಿಗೆ ತುಳು ಬರುವುದಿಲ್ಲ ಎಂದು ನಾವು ಮಕ್ಕಳು ನಂಬಿದ್ದೆವು. ಆ ಕನ್ನಡವೋ, ಪೂರಾ ಬಯ್ಗುಳ. ಯಾರಿಂದ ಕಲಿತದ್ದು ಎಂದು ಆಗ ಹೊಳೆಯಲಿಲ್ಲ. ಈಗ ಓದುವಾಗ, ಗೌಡರು ಹೆಗ್ಗಡೆಯವರು ಆಳುಗಳಿಗೆ ಬಯ್ಯುವಲ್ಲೆಲ್ಲ ನನಗೆ ನಮ್ಮ ಬಾಕಿಮಾರು ಗದ್ದೆ ಕಾಣುತ್ತದೆ, ಕೆಸರು, ಅಜ್ಜನ ಗಂಟಲು. ಅವರಿಗೆ ಯಾರು ಏನೆಂದು ಬಯ್ದಿದ್ದರೋ ಅದನ್ನೆಲ್ಲ ಅಕ್ಷರ ತಪ್ಪದೆ ಎತ್ತಿಗೆ ದಾಟಿಸಿದ್ದಾರೆ. ಶಬ್ದಗಳು ಸುದ್ದಿಪತ್ರದಲ್ಲಿ ಅಚ್ಚು ಹಾಕುವಂಥವಲ್ಲ, ಬೇಕಾದವರು ಪುಸ್ತಕ ಓದಿಕೊಳ್ಳಿ. ನಾನು ಸೈಟಿನಲ್ಲಿ ಮೊದಲು ಕಲಿತ ಅರಬಿ ಶಬ್ದ ‘ಯಲ್ಲಾ’. ಬೇಗ, ಬೇಗ ಎಂದು. ನಮಸ್ಕಾರಕ್ಕೆ ಏನೆನ್ನಬೇಕೆಂದು ಕಲಿತದ್ದು ಆರು ತಿಂಗಳ ನಂತರ.

ಇಷ್ಟೆಲ್ಲ ಕೇಳುತ್ತಾ ಕೂತಿದ್ದ ಮಗಳು ಕೇಳಿದ್ದು ಒಂದೇ. "ಅಂದ್ರೆ ಮುತ್ತಜ್ಜ ಲೇಬರಾ?"

ಆ ಶಬ್ದ ನಮ್ಮ ಮಕ್ಕಳಿಗೆ ಎಲ್ಲಿಂದ ಬಂತು ಎಂದು ನಿಮಗೆ ವಿವರಿಸಬೇಕಾಗಿಲ್ಲ. ಬೆಳಿಗ್ಗೆ ಶಾಲೆಯ ಬಸ್ಸು ಸಿಗ್ನಲ್ಲಿನಲ್ಲಿ ನಿಂತಾಗ ಪಕ್ಕದಲ್ಲೇ ಇನ್ನೊಂದು ಬಸ್ಸು, ಎಸಿ ಇಲ್ಲದ್ದು, ಕಿಟಕಿಗೆ ಟವೆಲ್ ಒಣಗಹಾಕಿದ್ದು, ಒಳಗೆ ನೀಲಿ ಬಟ್ಟೆಯವರು ಗಾಜಿಗೆ ತಲೆ ಒರಗಿಸಿ ನಿದ್ದೆ. ಆ ಬಸ್ಸಿಗೆ ಅವಳ ಲೋಕದಲ್ಲಿ ಒಂದೇ ಹೆಸರು. ಹೀಯಾಳಿಸಿ ಹೇಳಿದ್ದಲ್ಲ ಅವಳು, ನಿಜವಾಗಿಯೂ ಕೇಳಿದ್ದು.

"ಲೇಬರ್ ಅಂದರೆ ಎಂತ?" ಎಂದರು ಅಮ್ಮ.

"ಕೂಲಿ" ಎಂದೆ.

"ಹೌದು ಮತ್ತೆ, ಕೂಲಿಯೇ. ಇಲ್ಲದಿದ್ದರೆ ಅಕ್ಕಿ ಎಲ್ಲಿಂದ?" ಅಮ್ಮ ಹಪ್ಪಳದ ಡಬ್ಬಿ ಎತ್ತಿಟ್ಟರು. ಮಗಳು ಸ್ವಲ್ಪ ಹೊತ್ತು ಬಿಟ್ಟು, "ಹಾಗಾದರೆ ನೀನು?" ಎಂದು ನನ್ನ ಕಡೆ ತಿರುಗಿದಳು. ನಾನು 1999ರಲ್ಲಿ ಮುಂಬೈಯ ಒಬ್ಬ ಏಜೆಂಟನಿಗೆ ಅರುವತ್ತು ಸಾವಿರ ಕೊಟ್ಟು ಬಂದವ. ಅದರಲ್ಲಿ ನಲ್ವತ್ತು ಸಾಲ. ಸ್ಟೋರ್‌ಕೀಪರ್ ಎಂದು ಕಾಗದದಲ್ಲಿತ್ತು, ಇಳಿದ ಮೇಲೆ ಎಂಟು ತಿಂಗಳು ಸಿಮೆಂಟು ಚೀಲ ಹೊತ್ತೆ, ಪಾಸ್‌ಪೋರ್ಟು ಕಂಪನಿಯ ಕಪಾಟಿನಲ್ಲಿ. ಇದನ್ನು ಆ ದಿನದವರೆಗೆ ಅವಳಿಗೆ ಹೇಳಿರಲಿಲ್ಲ. ಹೇಳಿದೆ. ಸೇರೆಗಾರ ಮುಂಗಡ ಕೊಟ್ಟು ಆಳನ್ನು ಕಟ್ಟಿಹಾಕುತ್ತಿದ್ದ, ನನ್ನ ಸೇರೆಗಾರ ನನ್ನಿಂದಲೇ ಮುಂಗಡ ತೆಗೆದುಕೊಂಡ, ವ್ಯತ್ಯಾಸ ಅಷ್ಟೆ ಎಂದೆ. ಅವಳಿಗೆ ಅರ್ಥವಾಯಿತೋ ಇಲ್ಲವೋ. ಹುಲಿವೇಷದ ವಿಡಿಯೋ ತೋರಿಸು ಎಂದಳು.

ಪುಸ್ತಕಕ್ಕೆ ಬರುತ್ತೇನೆ. ಐತ ಪಿಂಚಲು ಸಿಕ್ಕಿದ ಮೇಲೆ ಓದು ಸಲೀಸಾಯಿತು ಎಂದರೆ ಸುಳ್ಳು. ಈಗಲೂ ಒಂದು ದಿನಕ್ಕೆ ಇಪ್ಪತ್ತು ಪುಟ ದಾಟುವುದಿಲ್ಲ. ಕಥೆ ಓಡುತ್ತಿರುವಾಗ ಲೇಖಕರು ಕಾಡಿನ ಕಡೆ ತಿರುಗಿ ನಿಂತುಬಿಡುತ್ತಾರೆ, ಆ ವಾಕ್ಯಗಳ ಸಂಸ್ಕೃತಕ್ಕೆ ನನ್ನ ಹಲ್ಲು ಸಾಲುವುದಿಲ್ಲ. ಆದರೆ ಅದೇ ಪುಟದಲ್ಲಿ ಗುತ್ತಿ ಬಾಯಿ ತೆರೆದರೆ ಸಾಕು, ಯಾರೋ ಪಕ್ಕದಲ್ಲೇ ಬಂದು ಕೂತ ಹಾಗೆ. ಪಾದ್ರಿಯ ಬೈಸಿಕಲ್ಲು ಹಳ್ಳಿಯವರ ಬಾಯಲ್ಲಿ ‘ಬೀಸೆಕಲ್ಲು’ ಆಗುವಲ್ಲಿ ಅಮ್ಮ ಕೆಮ್ಮು ಬರುವಷ್ಟು ನಕ್ಕರು. ದೇಯಿಯ ಪಾಡು ಓದುವಾಗ ಎದ್ದು ದನದ ಕೊಟ್ಟಿಗೆಗೆ ಹೋದರು. ಕೊಟ್ಟಿಗೆಯಲ್ಲಿ ದನವಿಲ್ಲದೆ ಹತ್ತು ವರ್ಷ ಆಯಿತು.

ನಮ್ಮ ಖಜಾಂಚಿಗಳು ಫೋನಿನಲ್ಲಿ, "ಖಳನನ್ನು ನಮ್ಮ ಕಡೆಯವನೇ ಮಾಡಿದ್ದಾರಲ್ಲ, ನಿಮಗೆ ಸಿಟ್ಟು ಬರಲಿಲ್ಲವಾ" ಎಂದು ಕೇಳಿದರು. ಮೊದಲು ಬಂತು. ಆಮೇಲೆ ನೋಡಿದರೆ ಆ ಗೌಡರು ಹೆಗ್ಗಡೆಯವರನ್ನೂ ಅವರು ಬಿಟ್ಟಿಲ್ಲ. ಮತ್ತೆ ಚೀಂಕ್ರನಂಥವರು ನಮ್ಮಲ್ಲಿಲ್ಲ ಎಂದು ಯಾವ ಬಾಯಲ್ಲಿ ಹೇಳುವುದು, ನನ್ನ ಅರುವತ್ತು ಸಾವಿರ ತೆಗೆದುಕೊಂಡವ ನನ್ನ ಜೊತೆ ತುಳುವಿನಲ್ಲೇ ಮಾತಾಡಿದ್ದ. ಅದೇ ಖಜಾಂಚಿಗಳು "ಆ ನಾಯಿ ಕೊನೆಗೆ..." ಎಂದು ಸುರು ಮಾಡಿದಾಗ ಫೋನು ಇಟ್ಟೆ. ಇಷ್ಟು ವರ್ಷ ಪತ್ತೇದಾರಿ ಓ‌ದಿದವನಿಗೆ ಅಷ್ಟು ಶಿಸ್ತು ಉಂಟು. ಓದಿದವರು ದಯವಿಟ್ಟು ಯಾರೂ ಹುಲಿಯನ ಸುದ್ದಿ ಹೇಳಬೇಡಿ.

1967ರಲ್ಲಿ ಬಂದ ಈ ಕಾದಂಬರಿಯನ್ನು 2010ರಲ್ಲಿ ಮೈಸೂರಿನ ರಂಗಾಯಣದವರು ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ ರಾತ್ರಿಯಿಡೀ ಒಂಬತ್ತು ಗಂಟೆ ಆಡಿದ್ದರು. ಅಮ್ಮನಿಗೆ ಹೇಳಿದೆ. "ಆಟದ ಹಾಗೆ" ಎಂದರು. ಮಂದಾರ್ತಿ ಮೇಳದ ಯಕ್ಷಗಾನದ ಆಟ ಬೆಳಗಿನವರೆಗೆ ಕೂತು ನೋಡಿದವರಿಗೆ ಒಂಬತ್ತು ಗಂಟೆ ಏನು ಲೆಕ್ಕ.

ಈಗ ಪ್ರಕಟಣೆಗಳು, ಬೇಗ ಬೇಗ, ಫೋನಿನ ಚಾರ್ಜು ಹನ್ನೊಂದು ಶೇಕಡ ಉಂಟು. ಚೌತಿಯ ಊಟಕ್ಕೆ ಹೆಸರು ಕೊಡಲು ಬರುವ ಬುಧವಾರ ಕೊನೆ, ಆಮೇಲೆ ಬಂದವರಿಗೆ ಎಲೆ ಇಲ್ಲದಿದ್ದರೆ ಅಧ್ಯಕ್ಷರ ಮೇಲೆ ಸಿಟ್ಟು ಮಾಡಬೇಡಿ, ಹೋದ ವರ್ಷ ಬಾಳೆಎಲೆ ಕಡಿಮೆಯಾಗಿ ಏನಾಯಿತೆಂದು ಎಲ್ಲರಿಗೂ ನೆನಪಿದೆ. ಕಡುಬಿಗೆ ಮೂಡೆ ಕಟ್ಟಲು ಬರುವ ಹೆಂಗಸರು, ಗಂಡಸರೂ ಆಗಬಹುದು, ಹಿಂದಿನ ರಾತ್ರಿ ಎಂಟಕ್ಕೆ. ಮೂಡೆ ಕಟ್ಟುವ ಎಲೆ, ಒಲಿ, ಊರಿಂದ ನಾನು ತರುತ್ತಿದ್ದೇನೆ, ಕಸ್ಟಮ್ಸಿನವರು ಬಿಟ್ಟರೆ. ರಾಜ್ಯೋತ್ಸವದ ತಾಳಮದ್ದಳೆಗೆ ಅರ್ಥ ಹೇಳುವವರು ಮೂವರು ಸಿಕ್ಕಿದ್ದಾರೆ, ಮದ್ದಳೆಯವರು ಸಿಕ್ಕಿಲ್ಲ. ರಕ್ತದಾನ ಎಂದಿನಂತೆ, ಗುರುತಿನ ಚೀಟಿ ಮರೆಯಬೇಡಿ. ಥ್ರೋಬಾಲ್ ಅಭ್ಯಾಸದ ಜಾಗ ಬದಲಾಗಿದೆ, ಹೊಸ ಜಾಗ ಗ್ರೂಪಿನಲ್ಲಿ ನೋಡಿ.

ಶುಕ್ರವಾರದ ಕನ್ನಡ ತರಗತಿ ಮೇಷ್ಟ್ರು ಹೋದ ಮೇಲೆ ನಡೆದಿಲ್ಲ. ಹದಿನಾಲ್ಕು ಮಕ್ಕಳು, ವಾರಕ್ಕೆ ಒಂದೂವರೆ ಗಂಟೆ. ವ್ಯಾಕರಣ ಬೇಡ, ಕಥೆ ಹೇಳಲು ಬಂದರೆ ಸಾಕು. ಮೇಷ್ಟ್ರ ಪುಸ್ತಕದ ಪೆಟ್ಟಿಗೆಗಳು ಖಜಾಂಚಿಗಳ ಬಾಲ್ಕನಿಯಲ್ಲಿವೆ. ಅವರ ಮನೆಯವರು ಈವರೆಗೆ ಸುಮ್ಮನಿದ್ದಾರೆ, ಬಟ್ಟೆ ಒಣಗಿಸಲು ಜಾಗವಿಲ್ಲ ಎಂದು ಮೊನ್ನೆ ಹೇಳಿಕಳಿಸಿದರು. ಯಾರ ಮನೆಯಲ್ಲಾದರೂ ಒಂದು ಗೋಡೆ ಖಾಲಿ ಉಂಟೇ? ಹಾಗೇ ಇನ್ನೊಂದು. ಈ ಸುದ್ದಿಪತ್ರದ ಟೈಪು, ಪುಟ ಜೋಡಣೆ, ತಪ್ಪು ತಿದ್ದುವುದು, ಎಲ್ಲ ಒಬ್ಬನೇ ಮಾಡುತ್ತಿದ್ದೇನೆ. ಕಳೆದ ಸಂಚಿಕೆಯಲ್ಲಿ ‘ಶ್ರದ್ಧಾಂಜಲಿ’ಯ ಕೆಳಗೆ ಹುಟ್ಟುಹಬ್ಬದ ಫೋಟೋ ಬಂದದ್ದು ರಾತ್ರಿ ಎರಡೂವರೆಗೆ. ಆ ಕುಟುಂಬದವರು ದೊಡ್ಡ ಮನಸ್ಸಿನವರು, ನಕ್ಕು ಬಿಟ್ಟರು. ನನಗೆ ನಗು ಬರಲಿಲ್ಲ. ಒಬ್ಬರು ಬನ್ನಿ. ಕನ್ನಡ ಟೈಪು ಬಾರದಿದ್ದರೂ ಅಡ್ಡಿಯಿಲ್ಲ, ಪಕ್ಕದಲ್ಲಿ ಕೂತು ಓದಿ ಹೇಳಿದರೆ ಸಾಕು.

ಆದಿತ್ಯವಾರ ವಿಮಾನ. ಅಮ್ಮ ಆಗಲೇ ಹಲಸಿನ ಹಪ್ಪಳ, ಬಾಳಕ, ಉಪ್ಪಿನಕಾಯಿ ಕಟ್ಟಿ ಇಟ್ಟಾಗಿದೆ, ತೂಕದ ಜಗಳ ಇನ್ನು ಸುರುವಾಗಬೇಕು. ಪುಸ್ತಕವನ್ನು ಚೀಲಕ್ಕೆ ಹಾಕಲು ಇವತ್ತು ಎತ್ತಿದೆ. ನನ್ನ ಬೋರ್ಡಿಂಗ್ ಪಾಸು ಇದ್ದಲ್ಲೇ ಇತ್ತು, ನಡುಭಾಗದ ಸ್ವಲ್ಪ ಈಚೆ. ಕೊನೆಯ ಕೆಲವು ಪುಟಗಳ ಹತ್ತಿರ ಇನ್ನೊಂದು ಗುರುತು, ಗೋಡೆಯ ಕ್ಯಾಲೆಂಡರಿನಿಂದ ಹರಿದು ಮಡಚಿದ ಜುಲೈ ತಿಂಗಳು. ನಾನು ತಾಲೂಕು ಕಚೇರಿಗೆ ಅಲೆಯುತ್ತಿದ್ದ ದಿನಗಳಲ್ಲಿ, ರಾತ್ರಿ ನಾವು ಮಲಗಿದ ಮೇಲೆ, ಅಮ್ಮ ಒಬ್ಬರೇ ಮುಂದೆ ಹೋಗಿದ್ದಾರೆ.

"ಅಮ್ಮಾ, ಹುಲಿಯ?" ಎಂದು ಕೇಳಿದೆ. ಕೇಳಬಾರದಿತ್ತು.

ಅಮ್ಮ ನನ್ನ ಮುಖ ನೋಡಲಿಲ್ಲ. ಒಲೆಯ ಮೇಲೆ ಗಂಜಿ ಇಟ್ಟಿದ್ದೇನೆ, ಉಕ್ಕುತ್ತದೆ ಎಂದು ಒಳಗೆ ಹೋದರು.